ಕಡಲ್ಗಳ್ಳರಿಗೆ ಶುಭ ಕೋರುವವರು

ಎಲ್ಲ ರಗಳೆಗೂ ಕಾರಣ ಎರಡು ಫ್ಲೆಕ್ಸ್ ಸುರುಳಿಗಳು. ಕಾಪು ಪೇಟೆಯಲ್ಲಿರುವ ಸುಕೇಶನ ಬ್ಯಾನರ್ ಅಂಗಡಿಯ ಮೂಲೆಯಲ್ಲಿ ಅವು ಅಕ್ಕಪಕ್ಕ ನಿಂತಿದ್ದವು. ಒಂದರಲ್ಲಿ ಮಿತ್ರ ಮಂಡಳಿಗೆ ಮೂರನೇ ಸಲ ಅಧ್ಯಕ್ಷರಾದ ದೇವದಾಸರಿಗೆ ಅಭಿನಂದನೆ. ಇನ್ನೊಂದರಲ್ಲಿ ಕಡಲ್ಗಳ್ಳರು.

ಕಡಲ್ಗಳ್ಳರು ಸುಕೇಶನ ಸ್ವಂತದವರು. ಊರಿನವರ ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿಗಳಿಗೆಲ್ಲ ಬ್ಯಾನರ್ ಮಾಡಿ, ಉಳಿದ ಹೊತ್ತಿನಲ್ಲಿ ಮೂರು ವರ್ಷ ಕುಳಿತು ಅವನು ಎಪ್ಪತ್ತೆರಡು ಪುಟದ ಒಂದು ಚಿತ್ರಕಾದಂಬರಿ ಬರೆದಿದ್ದ. ಒಂದು ಹಡಗು, ಒಂಬತ್ತು ಕಳ್ಳರು, ಒಂದು ಪೆಟ್ಟಿಗೆ ಚಿನ್ನ. ಪುಟ ತಿರುವಿದ ಹಾಗೆ ಒಬ್ಬೊಬ್ಬರೇ, ಓದುವವರಿಗೆ ನಗು ತಡೆಯಲಾಗದಂತೆ ಸಾಯುತ್ತಾರೆ. ಮಣಿಪಾಲದ ಪ್ರಕಾಶಕಿ ನಿಖಿತಾ ಮೊದಲ ಹತ್ತು ಪುಟ ನೋಡಿ ಫೋನಿನಲ್ಲೇ ಒಪ್ಪಿಕೊಂಡಿದ್ದರು. ಇವತ್ತು ಸಂಜೆ ಐದರೊಳಗೆ ಪೂರ್ತಿ ಪುಸ್ತಕ ತಂದು ತೋರಿಸಬೇಕು, ತಪ್ಪಿದರೆ ಈ ವರ್ಷ ಅಚ್ಚು ಹಾಕುವ ಪುಸ್ತಕಗಳಲ್ಲಿ ಆ ಜಾಗ ಬೇರೆಯವರಿಗೆ ಎಂದೂ ಹೇಳಿದ್ದರು. ಸುಕೇಶನ ಹೆಸರು ಈವರೆಗೆ ಅಚ್ಚಾದದ್ದು ಬ್ಯಾನರುಗಳ ಕೆಳತುದಿಯಲ್ಲಿ, ಇರುವೆಯಷ್ಟು ಗಾತ್ರದಲ್ಲಿ. ಕಂಬಕ್ಕೆ ಕಟ್ಟುವಾಗ ಅದೂ ಮಡಚಿ ಹೋಗುತ್ತಿತ್ತು. ಒಂದು ಪುಸ್ತಕದ ಮೇಲೆ ತನ್ನ ಹೆಸರು ದೊಡ್ಡದಾಗಿ ಕಾಣಬೇಕೆಂಬುದು ಅವನ ಒಂದೇ ಆಸೆ.

ಕಳ್ಳರಿಗೆ ಮುಖ ಬೇಕಲ್ಲ. ‘ಶುಭ ಕೋರುವವರು’ ಎಂಬ ಸಾಲಿಗೆಂದು ಊರಿನವರೆಲ್ಲ ಕಳಿಸಿದ ಫೋಟೊಗಳು ಅವನ ಕಂಪ್ಯೂಟರಿನಲ್ಲಿ ತುಂಬಿ ತುಳುಕುತ್ತಿದ್ದವು. ಅವನ್ನೇ ನೋಡಿ ಬರೆದ. ಪುಸ್ತಕ ಕೊಂಡು ಓದುವವರು ತಮ್ಮ ಪೇಟೆಯಲ್ಲಿ ಯಾರೂ ಇಲ್ಲವೆಂಬ ಧೈರ್ಯ ಅವನಿಗಿತ್ತು. ನಿನ್ನೆ ಉಳಿದ ಫ್ಲೆಕ್ಸ್ ತುಂಡಿನಲ್ಲಿ ಮುಖಪುಟವನ್ನು ದೊಡ್ಡದಾಗಿ ಅಚ್ಚು ಹಾಕಿ, ಕಣ್ತುಂಬ ನೋಡಿ, ಸುತ್ತಿ ಮೂಲೆಯಲ್ಲಿಟ್ಟಿದ್ದ.

ಬೆಳಿಗ್ಗೆ ಎಂಟಕ್ಕೆ ಬ್ಯಾನರ್ ಕಟ್ಟುವ ಬೀರಪ್ಪ ಬಂದು ಒಂದು ಸುರುಳಿ ಒಯ್ದ. ಒಂಬತ್ತಕ್ಕೆ ದೇವದಾಸರೇ ಅಂಗಡಿಯ ಮೆಟ್ಟಿಲು ಹತ್ತಿದರು.

“ಸುಕೇಶ, ಪೇಟೆಯ ನಡುವೆ ನನ್ನ ಒಂದು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದ್ದು ಎಂತಕ್ಕೆ ಮಾರಾಯ?”

ಸುಕೇಶ ಮೂಲೆಯ ಕಡೆ ನೋಡಿದ. ಅಭಿನಂದನೆ ಅಲ್ಲೇ ನಿಂತಿತ್ತು. ಬೀರಪ್ಪ ಒಯ್ದದ್ದು ಕಡಲ್ಗಳ್ಳರನ್ನು.

“ಕಟ್ಟುವ ಮೊದಲು ಬಿಚ್ಚಿ ನೋಡಲಿಲ್ವಾ ಬೀರಪ್ಪ?” ಎಂದು ಅಧ್ಯಕ್ಷರ ಹಿಂದೆ ಬಂದು ನಿಂತವನನ್ನು ಕೇಳಿದ.

“ನೋಡೇ ಕಟ್ಟೀನ್ರಿ ಅಣ್ಣಾರ. ನಡುವ ಅಧ್ಯಕ್ಷರು, ಬಾಜೂಕ ಅವರ ಮಂದಿ, ಎಲ್ಲಾ ಬರೋಬ್ಬರಿ ಇತ್ತು. ಟೊಪಗಿ ಹಾಕ್ಯಾರ, ಈ ಸಲ ಹಿಂಗ ಇರಬೇಕು ಅನ್ಕೊಂಡೆ.”

ಬೀರಪ್ಪನನ್ನು ಬೈಯುವ ಹಾಗೂ ಇರಲಿಲ್ಲ. ಹದಿನೈದು ವರ್ಷ ಬ್ಯಾನರ್ ಮಾಡಿದ ಕೈ, ಕಳ್ಳರನ್ನೂ ಗಣ್ಯರ ಹಾಗೇ ಸಾಲಾಗಿ ನಿಲ್ಲಿಸಿತ್ತು. ಸುಕೇಶ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡ.

ದೇವದಾಸರು ಕುರ್ಚಿ ಎಳೆದು ಕುಳಿತು ಯೋಚಿಸಿದರು. “ಕಳ್ಳನಾದರೂ ಕಪ್ತಾನ ಅಲ್ವಾ?”

“ಹೌದು ದೇವದಾಸಣ್ಣ.”

“ಮತ್ತೆ ಅಡ್ಡಿಯಿಲ್ಲ. ನಡುವೆ ಉಂಟು, ಎಲ್ಲರಿಗಿಂತ ದೊಡ್ಡದೂ ಉಂಟು. ಪುಸ್ತಕ ತೋರಿಸು, ನೋಡುವ.”

ಆಗಲೇ ಕರೆಂಟು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ಬೇಡದಾಗಲೆಲ್ಲ ಹೋಗುವ ಕರೆಂಟು ಅಂದು ಕಂಬ ಬಿಟ್ಟು ಕದಲಲಿಲ್ಲ; ಸುಕೇಶ ಕಂಪ್ಯೂಟರಿನಲ್ಲಿ ಪುಟ ತೆರೆಯಲೇಬೇಕಾಯಿತು. ಪುಸ್ತಕದ ಮೊದಲ ಸಾವು ಕಪ್ತಾನನದೇ. ಮೂವತ್ತೊಂದನೇ ಪುಟದಲ್ಲಿ ಅವನು ವಿಜಯದ ಭಾಷಣ ಮಾಡುತ್ತ ಮಾಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು, ಹಡಗಿನಿಂದ ಶಾರ್ಕಿನ ಬಾಯಿಗೆ ಬೀಳುತ್ತಾನೆ. ಶಾರ್ಕ್ ನುಂಗಿದ ಮೇಲೂ ಭಾಷಣ ಎರಡು ಪುಟ ಮುಂದುವರಿಯುತ್ತದೆ.

ದೇವದಾಸರು ನಗಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಶಂಕರಪುರದ ಮಲ್ಲಿಗೆ ಮಾರುವ ಕುಶಲಕ್ಕನೂ, ಎದುರಿನ ಬೇಕರಿಯ ಬೆಂಜಮಿನ್ನನೂ ಬ್ಯಾನರ್ ನೋಡಿ ಓಡಿಬಂದರು. ಅವರವರ ಸಾವನ್ನು ಅವರವರೇ ಹುಡುಕಿಕೊಂಡರು.

“ನಾನು ಮಾಡಿದ ಸಾರು ತಿಂದು ನಾನೇ ಸಾಯುವುದಾ? ಇನ್ನು ನನ್ನ ಬೇಕರಿಗೆ ಯಾರು ಬರುತ್ತಾರೆ?” ಎಂದ ಬೆಂಜಮಿನ್.

“ಮದ್ದು ಸಾಕಷ್ಟು ಉಂಟಾ ಅಂತ ನೋಡಲಿಕ್ಕೆ ನಾನೆಂತಕ್ಕೆ ಫಿರಂಗಿಯ ಒಳಗೆ ತಲೆ ಹಾಕಬೇಕು?” ಎಂದಳು ಕುಶಲಕ್ಕ. “ಬರುವ ತಿಂಗಳು ಮಗಳ ನಿಶ್ಚಿತಾರ್ಥ. ಆ ಕಡೆಯವರು ಓದಿದರೆ ನಾನು ಎಂತ ಹೇಳುವುದು?”

“ನೀನು ಐವತ್ತೆಂಟನೇ ಪುಟದ ತನಕ ಇದ್ದೀ. ಅಧ್ಯಕ್ಷನಿಗೆ ಬರೀ ಮೂವತ್ತೊಂದು,” ಎಂದರು ದೇವದಾಸರು. ನೋವು ಮುಖದಲ್ಲಿ ಕಾಣುತ್ತಿತ್ತು.

ಸುಕೇಶನಿಗೆ ರೋಸಿಹೋಯಿತು. ಗಂಟೆ ಹನ್ನೊಂದಾಗಿತ್ತು. “ಬೇಡ ಬಿಡಿ. ನಿಮ್ಮೆಲ್ಲರ ಮುಖ ತೆಗೆದುಬಿಡುತ್ತೇನೆ.”

ಇದು ಸಾವಿಗಿಂತ ದೊಡ್ಡ ಅಪರಾಧವಾಯಿತು. ಇಡೀ ಪೇಟೆ ನೋಡಿದ ಮೇಲೆ ತೆಗೆದರೆ ಮರ್ಯಾದೆ ಉಳಿಯುತ್ತದಾ ಎಂದು ಮೂವರೂ ಒಟ್ಟಿಗೇ ಕೇಳಿದರು. ದೇವದಾಸರು ಕುರ್ಚಿಯನ್ನು ಬಾಗಿಲಿಗೆ ಅಡ್ಡ ಹಾಕಿ ತೀರ್ಪು ಕೊಟ್ಟರು. “ನಾವು ಇರುತ್ತೇವೆ. ಸಾಯುವಾಗ ಮಾತ್ರ ಬೇರೆಯವರನ್ನು ಹಾಕು. ಅದಾಗದೆ ನೀನು ಮಣಿಪಾಲಕ್ಕೆ ಹೋಗುವುದಿಲ್ಲ.”

ಬೇರೆಯವರು ಎಂದರೆ ಯಾರು? ಎಲ್ಲರ ಕಣ್ಣೂ ಬೀರಪ್ಪನ ಮೇಲೆ ಬಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದ.

“ನನ್ನ ಯಾಕ ನೋಡ್ತೀರಿ? ಸತ್ತವರನ್ನ ಹಾಕ್ರಿ. ಅವರೇನ ತಕರಾರು ಮಾಡ್ತಾರ?”

ಅಂಥ ಬುದ್ಧಿವಂತಿಕೆಯ ಮಾತು ಬೆಳಿಗ್ಗಿನಿಂದ ಯಾರೂ ಆಡಿರಲಿಲ್ಲ. ಸುಕೇಶ ಶ್ರದ್ಧಾಂಜಲಿಯ ಫೋಟೊಗಳನ್ನು ತೆರೆದ. ಕಾಪುವಿನವರು ಬೇಡ, ಮನೆಯವರು ಎದುರು ಸಿಗುತ್ತಾರೆ. ಕೊನೆಗೆ ಬೆಳ್ಮಣ್ ಕಡೆಯ ಒಬ್ಬ ಹಿರಿಯರು ಸಿಕ್ಕಿದರು. ಎರಡು ವರ್ಷದ ಹಿಂದೆ ಕಾರ್ಕಳದ ಬ್ಯಾನರ್ ಏಜೆಂಟರೊಬ್ಬರು ಕಳಿಸಿದ ಫೋಟೊ. ಹೆಸರು ಸುಕೇಶನಿಗೆ ಮರೆತಿತ್ತು. ಬಲ ಹುಬ್ಬಿನ ಮೇಲೆ ಒಂದು ಮಚ್ಚೆ, ಬಸ್ಸು ತಪ್ಪಿದರೂ ಬೇಸರವಿಲ್ಲ ಎನ್ನುವಂಥ ನಗು.

ಊಟ ಬಿಟ್ಟು ಮೂರು ಗಂಟೆಯವರೆಗೆ ಕುಳಿತು ಆ ಮುಖವನ್ನು ಒಂಬತ್ತು ಹೆಣಗಳಿಗೂ ಹಾಕಿದ. ಹಾಕುತ್ತ ಹೋದ ಹಾಗೆ ಅವನಿಗೇ ನಗು ಬಂತು. ಯಾರು ಸಾಯಬೇಕಾದರೂ ಕೊನೆಯ ಗಳಿಗೆಯಲ್ಲಿ ಇವರು ಬಂದು ನಗುನಗುತ್ತ ಸತ್ತು ಹೋಗುತ್ತಿದ್ದರು. ಪುಸ್ತಕ ಮೊದಲಿಗಿಂತ ಚೆನ್ನಾಗಿತ್ತು. ದೇವದಾಸರು ಕುರ್ಚಿ ತೆಗೆದರು. “ಮೊದಲ ಸಲ ಹೋಗುತ್ತೀ, ಖಾಲಿ ಕೈಯಲ್ಲಿ ಹೋಗಬೇಡ,” ಎಂದು ಕುಶಲಕ್ಕ ನಾಲ್ಕು ಚೆಂಡು ಸೇರಿಸಿ ಕಟ್ಟಿದ ಒಂದು ಅಟ್ಟೆ ಮಲ್ಲಿಗೆ ಕೊಟ್ಟಳು.

ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲ ಮುಟ್ಟುವಾಗ ಐದಕ್ಕೆ ಹತ್ತು ನಿಮಿಷ. ನಿಖಿತಾ ಅವನ ಲ್ಯಾಪ್‌ಟಾಪ್ ತೆರೆದು ಓದತೊಡಗಿದರು. ಹತ್ತನೇ ಪುಟದಲ್ಲಿ ನಕ್ಕರು, ಇಪ್ಪತ್ತರಲ್ಲಿ ಮೇಜು ತಟ್ಟಿದರು. ಸುಕೇಶನಿಗೆ ಬೆಳಿಗ್ಗಿನಿಂದ ಮೊದಲ ಸಲ ಉಸಿರು ಸರಾಗವಾಯಿತು. ಆಗ ಮಲ್ಲಿಗೆಯ ನೆನಪಾಗಿ ಕೊಟ್ಟ.

“ಅಯ್ಯೋ, ಇದೆಂತಕ್ಕೆ? ಆದರೆ ಸರಿಯಾದ ದಿವಸವೇ ತಂದಿರಿ. ಇವರು ಹೋಗಿ ಇವತ್ತಿಗೆ ಎರಡು ವರ್ಷ,” ಎನ್ನುತ್ತ ಅವರು ಎದ್ದು ಹಿಂದಿನ ಗೋಡೆಯ ಫೋಟೊಕ್ಕೆ ಹೂವು ಹಾಕಿದರು. ಹೂವಿನ ಹಿಂದೆಯೇ ಸುಕೇಶನ ಕಣ್ಣು ಹೋಯಿತು. ಹುಬ್ಬಿನ ಮೇಲೆ ಮಚ್ಚೆ. ಬಸ್ಸು ತಪ್ಪಿದರೂ ಬೇಸರವಿಲ್ಲದ ನಗು.

“ಮೇಡಂ, ಇದು ಹಳೆಯ ಫೈಲು ಅಂತ ಕಾಣುತ್ತದೆ,” ಎಂದು ಅವನು ಲ್ಯಾಪ್‌ಟಾಪಿಗೆ ಕೈ ಹಾಕಿದ.

“ಇರಲಿ, ಮೂವತ್ತರಲ್ಲಿ ಇದ್ದೇನೆ. ಒಳ್ಳೆಯ ಜಾಗದಲ್ಲಿ ನಿಲ್ಲಿಸಬೇಡಿ.”

ಮೂವತ್ತೊಂದು ಬಂತು. ನಗು ನಿಂತಿತು. ಆಮೇಲೆ ಅವರು ಎಪ್ಪತ್ತೆರಡರ ತನಕ ಒಂದೊಂದೇ ಪುಟ ಓದಿದರು. ಸುಕೇಶ ಬಾಗಿಲು ಎಷ್ಟು ಹೆಜ್ಜೆ ಎಂದು ಅಳೆಯುತ್ತ ಕುಳಿತ.

“ಒಂಬತ್ತು ಸಲ,” ಎಂದರು ನಿಖಿತಾ.

“ನನಗೆ ಈಗಷ್ಟೇ ಗೊತ್ತಾದದ್ದು ಮೇಡಂ. ನಿಮ್ಮ ತಂದೆಯವರಾ?”

“ಹೌದು.” ಅವರು ಕಣ್ಣೊರೆಸಿಕೊಂಡರು. “ಅಪ್ಪನಿಗೆ ನೀರು ಕಂಡರೆ ಹೆದರಿಕೆ. ಬೆಳ್ಮಣ್ಣಿನಿಂದ ಕಡಲ ಹತ್ತಿರ ಬಂದದ್ದೇ ಎರಡು ಸಲ. ನೀವು ಅವರನ್ನು ಹಡಗು ಹತ್ತಿಸಿದ್ದೀರಿ. ನಗು ಎಷ್ಟು ಸರಿಯಾಗಿ ಬಂದಿದೆ! ಪುಸ್ತಕ ನಾವೇ ಮಾಡುತ್ತೇವೆ ಸುಕೇಶ್, ನಿಮ್ಮ ಹೆಸರು ಮುಖಪುಟದಲ್ಲಿ ದೊಡ್ಡದಾಗಿ.”

ಸುಕೇಶ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಅಷ್ಟರಲ್ಲಿ ಅವರು ಮುಂದುವರಿಸಿದರು.

“ಆದರೆ ಅಪ್ಪನನ್ನು ಇನ್ನೊಮ್ಮೆ ಸಾಯಿಸುವುದು ನನ್ನಿಂದಾಗುವುದಿಲ್ಲ. ಅವರೇ ಕಪ್ತಾನ ಆಗಲಿ, ಕೊನೆಯ ಪುಟದ ತನಕ ಬದುಕಲಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಕೊಟ್ಟುಬಿಡಿ.”

ಸುಕೇಶನ ಜೇಬಿನಲ್ಲಿ ಫೋನು ಅದುರಿತು. ದೇವದಾಸರ ಹೊಸ ಫೋಟೊ, ಕೋಟು ಹಾಕಿದ್ದು. ಕಪ್ತಾನನಿಗೆ ಇದೇ ಇರಲಿ ಎಂದು ಕೆಳಗೆ ಬರೆದಿದ್ದರು. ಅವನು ಫೋನನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲು ಹಾಕಿದ.

“ಹಾಗಾದರೆ ಸಾಯುವವರು ಯಾರು ಮೇಡಂ?”

“ಅದಕ್ಕೆಂತ ಚಿಂತೆ?” ಎಂದರು ನಿಖಿತಾ. “ನಿಮ್ಮ ಕಾಪುವಿನಲ್ಲಿ ಅಷ್ಟು ಜನ ಇದ್ದಾರಲ್ಲ.”