ಹಸುವಿನ ಪಕ್ಕೆಯ ಮೇಲೊಂದು ಸುಳಿ

‘ಗೊತ್ತಿಲ್ಲ’ ಅನ್ನುವ ಮಾತು ನನ್ನ ಬಾಯಿಂದ ಅಷ್ಟು ಸುಲಭವಾಗಿ ಹೊರಡುವುದಿಲ್ಲ. ಮೂರೇ ಅಕ್ಷರದ ಮಾತು, ಹೇಳಿದರೆ ನಷ್ಟವೇನೂ ಇಲ್ಲ ಎಂದು ನನಗೂ ತಿಳಿದಿದೆ. ಆದರೆ ಯಾರಾದರೂ ಏನಾದರೂ ಕೇಳಿದ ಕೂಡಲೇ ಅದರ ಬದಲು ‘ಓ ಅದಾ’ ಎಂಬ ಮಾತು ಹೊರಗೆ ಬಿದ್ದುಬಿಡುತ್ತದೆ. ಒಮ್ಮೆ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ವಯಸ್ಸಾದವರೊಬ್ಬರು ಸತ್ಯಮಂಗಲದ ಬಸ್ಸು ಯಾವುದಪ್ಪಾ ಎಂದು ಕೇಳಿದರು. ಆವತ್ತು ನಾನೂ ಅಲ್ಲಿ ಬೋರ್ಡಿಲ್ಲದ ಬಸ್ಸುಗಳ ನಡುವೆ ಕಣ್ಣು ಕಣ್ಣು ಬಿಡುತ್ತಿದ್ದವನೇ. ಆದರೂ ಕೈ ತಾನಾಗಿ ಎದ್ದು ಒಂದು ಬಸ್ಸನ್ನು ತೋರಿಸಿತು. ಅವರು ಹತ್ತಿದರು, ನನಗೆ ಕೈಮುಗಿದರು, ಬಸ್ಸು ಕೊಳ್ಳೇಗಾಲದ ಕಡೆಗೆ ಹೊರಟಿತು. ಎಲ್ಲಿ ಇಳಿದರೋ, ನನ್ನನ್ನು ಏನೆಂದು ಬೈದುಕೊಂಡರೋ. ಈ ಕಥೆ ಕೇಳಿದ ನನ್ನ ಹೆಂಡತಿ, "ಗೊತ್ತಿಲ್ಲ ಅಂದ್ರೆ ನಿಮ್ ನಾಲಿಗೆ ಏನ್ ಸವೆದೋಗುತ್ತಾ?" ಅಂದಳು. ಸವೆಯುತ್ತದೋ ಇಲ್ಲವೋ ನನಗೆ ತಿಳಿಯದು. ಅದನ್ನೂ ಅವಳಿಗೆ ಹೇಳಲಿಲ್ಲ.

ಇಂಥ ನಾನು ಹರದನಹಳ್ಳಿ ದಾಟಿ ಮುಂದಿರುವ ಒಂದು ಊರಿನ ಹಾಲಿನ ಸಂಘಕ್ಕೆ ಸೆಕ್ರೆಟರಿಯಾಗಿದ್ದೆ. ನಮ್ಮ ತಂದೆ ಪೋಸ್ಟ್‌ಮ್ಯಾನ್. ಮನೆಯಲ್ಲಿ ಸೈಕಲ್ ಕಟ್ಟಿದ್ದೆವೇ ಹೊರತು ಹಸು ಕಟ್ಟಿದವರಲ್ಲ. ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂಬುದನ್ನು ಮಾಪಕ ಅದ್ದಿ ಹೇಳಬಲ್ಲೆ, ಹಾಲು ಕೊಟ್ಟವರ ಮುಖ ನೋಡಿಯೂ ಹೇಳಬಲ್ಲೆ. ಹಸುವಿನ ವಿಷಯ ಮಾತ್ರ ಸೊನ್ನೆ. ಊರಿನವರಿಗೆ ಇದು ಗೊತ್ತಿರಲಿಲ್ಲ. ಹಾಲಿನ ಸಂಘದ ಸೆಕ್ರೆಟರಿಗೆ ಹಸು ಗೊತ್ತಿರುವುದಿಲ್ಲ ಎಂದು ಅನುಮಾನಪಡುವ ಅಗತ್ಯವಾದರೂ ಯಾರಿಗಿದೆ?

ತೊಂಬತ್ತರ ದಶಕದ ನಡುವಿನ ಮಾತು. ಕೇಬಲ್ ಟಿವಿಯ ತಂತಿ ಆಗತಾನೆ ತೆಂಗಿನ ಮರದಿಂದ ಮರಕ್ಕೆ ಹಾರಿಕೊಂಡು ನಮ್ಮೂರ ತನಕ ಬಂದಿತ್ತು. ನಮ್ಮ ಸಂಘದ ಅಧ್ಯಕ್ಷರು ಪುಟ್ಟಮಾದಪ್ಪ. ಅವರು ಟಿವಿಯಲ್ಲಿ ಯಾವುದೋ ಜಾಹೀರಾತಿನ ಕಾರ್ಟೂನ್ ಇಲಿಯೊಂದು ಹಲ್ಲುಜ್ಜುವುದನ್ನು ಕಂಡು ಬೆರಗಾಗಿ ಮರುದಿನವೇ ಸಂಘಕ್ಕೆ ಬಂದರು. "ಇಲಿ ಕೈಲಿ ಅಲ್ ಉಜ್ಜುಸ್ತಾರೆ ಕಣಪ್ಪ. ನಮ್ ಜನುಕ್ಕೆ ಕೆಚ್ಲು ತೊಳ್ದು ಆಲ್ ಕರೀರಿ ಅಂತ ನಾನ್ ಏಳಿದ್ರೆ ಕೇಳಕ್ಕಿಲ್ಲ. ಒಂದ್ ಹಸ ಬಾಯ್ಬುಟ್ಟು ಏಳಿದ್ರೆ ಕೇಳ್ತಾರೆ. ಅಂತದೊಂದು ಮಾಡ್ಸನ. ನಿನ್ಗೆ ಅವೆಲ್ಲ ಗೊತ್ತಲ್ವಾ?" ಅಂದರು. ನಾನು "ಓ ಅದಾ" ಅಂದೆ. ಅಲ್ಲಿಗೆ ನನ್ನ ಆರು ತಿಂಗಳ ನೆಮ್ಮದಿ ಹೋಯಿತು.

ಮೊದಲು ಮೈಸೂರಿಗೆ ಹೋದೆವು. ಅಲ್ಲಿನ ಸ್ಟುಡಿಯೋದಲ್ಲಿ ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಚಳಿ. ಕಂಪ್ಯೂಟರಿನಲ್ಲಿ ಚಿನ್ನದ ಬಣ್ಣದ ಅಕ್ಷರಗಳು ಸುಮ್ಮನೆ ಗಿರಗಿರ ತಿರುಗುತ್ತಿದ್ದವು. ಟೈ ಕಟ್ಟಿದವರೊಬ್ಬರು ಅರ್ಧ ಗಂಟೆ ಇಂಗ್ಲಿಷಿನಲ್ಲಿ ಏನೇನೋ ವಿವರಿಸಿದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ, ನಡುನಡುವೆ ಹುಬ್ಬನ್ನೂ ಏರಿಸಿದೆ. ಕೊನೆಗೆ ತಮ್ಮ ಹಸುವನ್ನು ತೋರಿಸಿದರು. ಕೊರಳಿಗೆ ರಿಬ್ಬನ್ನು, ರೆಪ್ಪೆಗೆ ಕಾಡಿಗೆ, ಎರಡು ಕಾಲ ಮೇಲೆ ನಿಂತು ಸೊಂಟ ಬಳುಕಿಸುತ್ತಿತ್ತು. ಪುಟ್ಟಮಾದಪ್ಪನವರು ಬಹಳ ಹೊತ್ತು ನೋಡಿ ನಿಧಾನವಾಗಿ ಕೇಳಿದರು, "ಅಲ್ಲಾ ಸೋಮಿ, ಎರಡ್ ಕಾಲ್ ಮೇಲ್ ನಿಂತ್ಕಂಡ್ರೆ ಕರೆಯದು ಎಂಗೆ?" ಕೆಳಗಿಳಿದು ಕಾಫಿ ಕುಡಿದು ಬಸ್ಸು ಹತ್ತಿದೆವು.

ಆಮೇಲೆ ಯಾರೋ ಗುಂಡ್ಲುಪೇಟೆಯ ಇಸಾಕ್ ಸಾಹೇಬರ ಹೆಸರು ಹೇಳಿದರು. ಬೋರ್ಡು ಬರೆಯುವವರು. ಕೇರಳದ ತರಕಾರಿ ವ್ಯಾಪಾರಿಗಳ ಮಂಡಿಗಳಿಗೆ ಮಲಯಾಳಂ ಬೋರ್ಡುಗಳನ್ನೆಲ್ಲ ಅವರೇ ಬರೆದಿದ್ದರು, ಒಂದು ತಪ್ಪಿಲ್ಲದೆ. "ಮಲಯಾಳಂ ಬರುತ್ತಾ?" ಅಂದರೆ, "ಒಂದಕ್ಷರ ಗೊತ್ತಿಲ್ಲ ಸಾರ್. ಬರ್ಕೊಡಿ ಅಂತ ಕೇಳ್ತೀನಿ, ನೋಡ್ಕೊಂಡು ಬರೀತೀನಿ" ಅಂದರು. ಗೊತ್ತಿಲ್ಲ ಎಂದು ಇಷ್ಟು ನಿರಾಳವಾಗಿ ಹೇಳುವ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಹತ್ತು ವರ್ಷ ಮದರಾಸಿನ ಕಾರ್ಟೂನ್ ಸ್ಟುಡಿಯೋವೊಂದರಲ್ಲಿ ಬಣ್ಣ ತುಂಬುವ ಕೆಲಸ ಮಾಡಿ, ಬರುವಾಗ ಆ ಸ್ಟುಡಿಯೋದವರು ಮಾರಿದ ಹಳೆಯ ಕ್ಯಾಮೆರಾವನ್ನು ಹೊತ್ತು ತಂದಿದ್ದರು. ಊಟಿ ರಸ್ತೆಯಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ಮೇಲೆ ಎರಡು ಕೋಣೆ, ಅದೇ ಅವರ ಸ್ಟುಡಿಯೋ. ಅವರು ಹಸು ಬರೆದು ತೋರಿಸಿದರು. ನಾಲ್ಕು ಕಾಲ ಮೇಲೆ ನಿಂತಿತ್ತು. ಪುಟ್ಟಮಾದಪ್ಪನವರು "ಇದು ಹಸ" ಅಂದರು. ನಾವು ಸ್ಟುಡಿಯೋ ಆರಿಸಿದ ಬಗೆ ಇಷ್ಟೇ.

ಇಸಾಕ್ ಸಾಹೇಬರು ಬರೆಯುತ್ತಿದ್ದರು, ಅವರ ಹೆಂಡತಿ ನೂರುನ್ನಿಸಾ ಗಾಜಿನಂಥ ಹಾಳೆಗಳ ಮೇಲೆ ಬಣ್ಣ ತುಂಬುತ್ತಿದ್ದರು. ಹಸು ಒಂದು ಸಲ ಬಾಲ ಬೀಸಬೇಕಾದರೆ ಹನ್ನೆರಡು ಹಾಳೆ. ಒಂದು ನಿಮಿಷದ ಚಿತ್ರಕ್ಕೆ ಏಳುನೂರಕ್ಕೂ ಹೆಚ್ಚು. ಅದನ್ನೆಲ್ಲ ಒಂದೊಂದಾಗಿ ಕ್ಯಾಮೆರಾದ ಕೆಳಗಿಟ್ಟು ತೆಗೆಯಬೇಕು, ಆದರೆ ಕೆಳಗೆ ಗಿರಣಿ ಓಡುವಾಗ ಮೇಲಿನ ಮಹಡಿಯೆಲ್ಲ ಅದುರುತ್ತಿತ್ತು. ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ, ಆದರೆ ದೀಪವೂ ಆರುತ್ತದೆ. ರಾತ್ರಿ ಗಿರಣಿ ಇಲ್ಲ, ಆದರೆ ವೋಲ್ಟೇಜೂ ಇಲ್ಲ. ಆದ್ದರಿಂದ ಗಿರಣಿಯವರು ಮಧ್ಯಾಹ್ನ ಊಟಕ್ಕೆ ಹೋಗುವುದನ್ನೇ ಕಾಯಬೇಕು. ಅವರಿಗೆ ಹಸಿವು ಕಡಿಮೆ, ಬೇಗ ಬಂದುಬಿಡುತ್ತಿದ್ದರು. ಅವರ ಮನೆಯಲ್ಲಿ ಹಬ್ಬದ ಅಡುಗೆಯಾದ ದಿನ ಮಾತ್ರ ನಮ್ಮ ಹಸು ನಾಲ್ಕು ಹೆಜ್ಜೆ ಜಾಸ್ತಿ ನಡೆಯುತ್ತಿತ್ತು. ನಾನು ಪ್ರತಿ ಭಾನುವಾರ ತೆರಕಣಾಂಬಿ ಮಾರ್ಗದ ಬಸ್ಸಿನಲ್ಲಿ ಜೋತುಬಿದ್ದು ಗುಂಡ್ಲುಪೇಟೆಗೆ ಹೋಗಿ, "ಎಲ್ಲಿಗೆ ಬಂತು?" ಎಂದು ಕೇಳುವುದು, "ಕೊಟ್ಟಿಗೆ ಬಾಗಿಲಿಗೆ ಬಂದಿದೆ ಸಾರ್" ಎಂಬ ಉತ್ತರ ಕೇಳಿಕೊಂಡು ಹಿಂತಿರುಗುವುದು. ಎರಡು ತಿಂಗಳು ಆ ಹಸು ಕೊಟ್ಟಿಗೆಯ ಬಾಗಿಲು ದಾಟಲಿಲ್ಲ. ನಾನು ಬಡಕಲಾದೆ.

ಈಗ ಮುಖ್ಯವಾದ ವಿಷಯ ಹೇಳಬೇಕು, ಹೇಳಲು ಮನಸ್ಸಿಲ್ಲ. ಚಿತ್ರ ಶುರುವಾಗುವುದಕ್ಕೆ ಮುಂಚೆ ಒಂದು ಭಾನುವಾರ ಇಸಾಕ್ ಸಾಹೇಬರು ಹಸುವಿನ ಚಿತ್ರವನ್ನು ನನ್ನ ಮುಂದಿಟ್ಟು, "ಪಕ್ಕೆ ತುಂಬಾ ಖಾಲಿ ಕಾಣುತ್ತಲ್ಲ ಸಾರ್. ಅಲ್ಲಿ ಏನಾದ್ರೂ ಇರುತ್ತಾ? ನಂಗೆ ಹಸು ವಿಷಯ ಗೊತ್ತಿಲ್ಲ, ನೀವು ಹೇಳಿ" ಅಂದರು. ನಾನು ಚಿತ್ರವನ್ನು ಹತ್ತಿರ ಹಿಡಿದು ದೂರ ಹಿಡಿದು, "ಇಲ್ಲೊಂದು ಚಿಕ್ಕ ಸುರುಳಿ ಹಾಕಿ, ಇರುತ್ತೆ" ಅಂದೆ. ಯಾಕೆ ಅಂದೆ? ಎಲ್ಲೋ ಯಾವುದೋ ಹಸುವಿನ ಮೈಮೇಲೆ ಕೂದಲು ಸುತ್ತಿಕೊಂಡದ್ದನ್ನು ಕಂಡ ನೆನಪು. ಅವರು ಅಚ್ಚುಕಟ್ಟಾಗಿ ಒಂದು ಸುರುಳಿ ಹಾಕಿದರು. ಏಳುನೂರಕ್ಕೂ ಹೆಚ್ಚು ಹಾಳೆಗಳಲ್ಲಿ ಹಾಕಿದರು.

ಮದರಾಸಿಗೆ ಹೋಗಿ ಕ್ಯಾಸೆಟ್ಟಾಗಿ ಬಂದ ಚಿತ್ರವನ್ನು ಸಂಘದ ಕಟ್ಟಡದಲ್ಲಿ ಆಡಳಿತ ಮಂಡಳಿಯ ನಿರ್ದೇಶಕರಿಗೆ ತೋರಿಸಿದೆವು. ಇಸಾಕ್ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಬಸ್ಸಿಳಿದು ಬರುವಾಗ ನನಗೆ, "ಇದು ಒಪ್ಪಿಗೆಯಾದ್ರೆ ಬೇರೆ ಸಂಘದೋರೂ ಮಾಡಿಸ್ತಾರೆ ಸಾರ್. ಇಲ್ದಿದ್ರೆ ಕ್ಯಾಮೆರಾ ಮಾರಿ ಮತ್ತೆ ಲಾರಿ ಹಿಂದೆ ಬ್ರಷ್ ಹಿಡ್ಕೊಂಡು ನಿಲ್ಲೋದೇ" ಅಂದಿದ್ದರು. ಚಿತ್ರ ಓಡಿತು. ಹಸು ನಡೆಯಿತು, ಬಾಲ ಬೀಸಿತು, ನೂರುನ್ನಿಸಾ ಅವರ ದನಿಯಲ್ಲಿ ‘ಕೆಚ್ಚಲು ತೊಳೆದು ಕರೀರಪ್ಪಾ’ ಅಂದಿತು. ನಾನು ಚಪ್ಪಾಳೆಗೆ ಕಾದೆ. ಸಂಘದ ಒಬ್ಬರೇ ಮಹಿಳಾ ನಿರ್ದೇಶಕಿ, ನಾಲ್ಕು ಹಸು ಕಟ್ಟಿರುವ ಕೆಂಪಮ್ಮ, ಎದ್ದು ಹೋಗಿ ಟಿವಿಯ ಮೇಲೆ ಬೆರಳಿಟ್ಟರು. "ಇಲ್ ನೋಡ್ರಪ್ಪ. ಪಕ್ಕೆ ಮೇಲ್ ಸುಳಿ. ಈ ಸುಳಿ ಇರೋ ಹಸನ ಪುಕ್ಸಟ್ಟೆ ಕೊಟ್ರೂ ಯಾರೂ ಕಟ್ಟಕ್ಕಿಲ್ಲ. ಮನೆಗೆ ಆಗ್ಬರಕ್ಕಿಲ್ಲ. ಇದು ಬಾಯ್ಬುಟ್ಟು ಏಳಿದ್ನ ನಾವ್ ಕೇಳನಾ?" ಎಲ್ಲರೂ ಹೌದು ಹೌದು ಅಂದರು. ಸಂತೆಮರಹಳ್ಳಿ ಸಂತೆಯಿಂದ ಇಂಥದೇ ಸುಳಿಯ ಹಸು ತಂದು ಯಾರ್ಯಾರ ಮನೆ ಹೇಗೆ ಕೆಟ್ಟಿತು ಎಂಬ ಕಥೆಗಳು ಹೊರಟವು. ಕೆಂಪಮ್ಮ ಅರ್ಧ ಗಂಟೆ ಯಾವ ಸುಳಿ ಎಲ್ಲಿದ್ದರೆ ಒಳ್ಳೆಯದು, ಎಲ್ಲಿದ್ದರೆ ಕೆಟ್ಟದ್ದು ಎಂದು ವಿವರಿಸಿದರು. ನನಗೆ ಒಂದೂ ತಲೆಗೆ ಹತ್ತಲಿಲ್ಲ, ತಲೆಯನ್ನೇನೋ ಆಡಿಸಿದೆ.

"ಯಾರ್ರೀ ಈ ಸುಳಿ ಬರ್ಯಕ್ಕೇಳಿದ್ದು?" ಎಂದು ಪುಟ್ಟಮಾದಪ್ಪನವರು ಕೇಳಿದರು. ಇಸಾಕ್ ಸಾಹೇಬರು ನನ್ನ ಕಡೆ ಒಂದು ಸಲ ನೋಡಿದರು. ನಾನು ಫ್ಯಾನು ನೋಡಿದೆ. ಅವರು, "ತಪ್ಪಾಯ್ತು ಯಜಮಾನ್ರೇ, ನಂಗೆ ಗೊತ್ತಿರ್ಲಿಲ್ಲ" ಅಂದರು. ಅಧ್ಯಕ್ಷರು ಮೈಸೂರಿನವರಿಗೇ ಕೊಡೋಣ ಎಂದು ಮುನಿಸಿಕೊಂಡರು. ಕೆಂಪಮ್ಮನೇ ತಡೆದು, "ಹಸ ಲಕ್ಷಣವಾಗದೆ. ಆ ಸುಳಿ ಒಂದ ತಗ್ದಾಕ್ಲಿ ಬುಡಿ. ಸರ್ವ ಸದಸ್ಯರ ಸಭೆ ಒಳಗ್ ಮಾಡ್ಕೊಡ್ಲಿ" ಅಂದರು. ಸಭೆಗೆ ಒಂದೂವರೆ ತಿಂಗಳಿತ್ತು.

ನನಗೆ ನಾಚಿಕೆಯಾಯಿತು. ಬಾಯಲ್ಲಿ ಹೇಳಲಾಗದ್ದನ್ನು ಮೈಬಗ್ಗಿಸಿ ತೀರಿಸೋಣವೆಂದು ರಜೆ ಹಾಕಿ ಗುಂಡ್ಲುಪೇಟೆಗೆ ಹೋಗಿ ಕೂತೆ. ಪ್ರತಿ ಹಾಳೆಯಲ್ಲೂ ಒದ್ದೆ ಹತ್ತಿಯಿಂದ ಸುಳಿಯನ್ನು ಉಜ್ಜಿ ತೆಗೆಯುವುದು ನನ್ನ ಕೆಲಸ, ಅಲ್ಲಿಗೆ ಬಣ್ಣ ಹಚ್ಚುವುದು ನೂರುನ್ನಿಸಾ ಅವರದು. ನೂರು ಹಾಳೆ ಆಗುವಷ್ಟರಲ್ಲಿ ಕುತ್ತಿಗೆ ಹಿಡಿಯಿತು, ಇನ್ನೂರಕ್ಕೆ ಕಣ್ಣು ಮುಚ್ಚಿದರೂ ಸುಳಿ ಕಾಣತೊಡಗಿತು. ಊಟಕ್ಕೆ ಕುಳಿತರೆ ಅನ್ನದ ಮೇಲೆ ಸುಳಿ. ಅವರಿಬ್ಬರೂ ಒಂದು ದಿನವೂ ನನ್ನನ್ನು ಏನೂ ಅನ್ನಲಿಲ್ಲ, ಅದೇ ಹಿಂಸೆ. ಒಂದು ಮಧ್ಯಾಹ್ನ ಮಾತ್ರ ನೂರುನ್ನಿಸಾ ಚಹಾ ಕೊಡುತ್ತ, "ಅವತ್ತು ನೀವು ಹೇಳಿದ್ದು ನಾನೂ ಕೇಳಿಸ್ಕೊಂಡೆ ಸಾರ್" ಅಂದು ಮತ್ತೆ ಬಣ್ಣಕ್ಕೆ ಕೂತರು. ಸಭೆಯಲ್ಲಿ ಎಲ್ಲರೆದುರಿಗೆ ಹೇಳಿಬಿಡಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

ಸಭೆಯ ದಿನ ಶಾಮಿಯಾನದ ಕೆಳಗೆ ಟಿವಿ ಇಟ್ಟು, ಎರಡನೇ ಸಲ ತೆಗೆದು ಮದರಾಸಿನಿಂದ ತರಿಸಿದ ಚಿತ್ರ ಹಾಕಿದರು. ಕೆಂಪಮ್ಮ ಹತ್ತಿರ ಹೋಗಿ ಪಕ್ಕೆಯನ್ನೇ ನೋಡಿ, "ಈಗ ಈ ಹಸನ ಹಟ್ಟೀಲಿ ಕಟ್ಕಬೋದು" ಅಂದರು. ಚಪ್ಪಾಳೆಯೋ ಚಪ್ಪಾಳೆ. ಅಕ್ಕಪಕ್ಕದ ಎರಡು ಸಂಘದವರು ಅಲ್ಲೇ ಇಸಾಕ್ ಸಾಹೇಬರ ವಿಳಾಸ ಬರೆದುಕೊಂಡರು. ಪುಟ್ಟಮಾದಪ್ಪನವರು ಮೈಕು ಹಿಡಿದು, ಸಾಬರು ಸುಳಿ ತಪ್ಪಾಗಿ ಬರೆದಿದ್ದನ್ನು ನಮ್ಮ ಸೆಕ್ರೆಟರಿ ಖುದ್ದು ನಿಂತು ತಿದ್ದಿಸಿದರು ಎಂದು ಶುರುಮಾಡಿದರು. ನಾನು ಎದ್ದೆ. ಮೈಕು ಇಸಿದುಕೊಂಡು, "ಆ ಸುಳಿ ಬರೆಯೋಕೆ ಹೇಳಿದ್ದು ನಾನು. ಅವರ ತಪ್ಪು ಏನೂ ಇಲ್ಲ. ನನಗೆ ಹಸುವಿನ ವಿಷಯ ಗೊತ್ತಿಲ್ಲ" ಅಂದೆ. ಹುಟ್ಟಿದ ಮೇಲೆ ಮೊದಲ ಸಲ ಆ ಮಾತು ಧ್ವನಿವರ್ಧಕದಲ್ಲಿ ಊರೆಲ್ಲ ಕೇಳುವಂತೆ ಹೊರಬಂತು. ಎದೆ ಹಗುರವಾಯಿತು.

ಆಮೇಲೆ ಪುಟ್ಟಮಾದಪ್ಪನವರು ಮೈಕನ್ನು ನನ್ನ ಕೈಯಿಂದ ತೆಗೆದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ನೋಡ್ರಪ್ಪ, ಮನ್ಸ ಅಂದ್ರೆ ಇಂಗಿರ್ಬೇಕು. ಆಲಿನ್ ಸಂಘದ ಸೆಕ್ರೆಟ್ರಿಗೆ ಸುಳಿ ಗೊತ್ತಿರಕ್ಕಿಲ್ವಾ? ಪಾಪ ಸಾಬ್ರ ಮಾನ ಉಳ್ಸಕ್ಕೆ ತಪ್ಪ ತನ್ನ ತಲೆ ಮೇಲ್ ಹಾಕ್ಕತಾವ್ನೆ" ಅಂದರು. ಮೊದಲಿಗಿಂತ ದೊಡ್ಡ ಚಪ್ಪಾಳೆ. ನಾನು "ಅಲ್ಲ, ನಿಜವಾಗಿ" ಅಂದೆ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಇಸಾಕ್ ಸಾಹೇಬರಿಗೆಂದು ತಂದಿದ್ದ ಸುಗಂಧರಾಜದ ಹಾರವನ್ನು ಕೆಂಪಮ್ಮ ನನ್ನ ಕೊರಳಿಗೆ ಹಾಕಿದರು.

ಪಕ್ಕದ ಕುರ್ಚಿಯಲ್ಲಿದ್ದ ಇಸಾಕ್ ಸಾಹೇಬರು ನನ್ನ ಕಡೆ ಬಗ್ಗಿ, ನಗುತ್ತ, ಮೆಲ್ಲಗೆ ಕೇಳಿದರು. "ಇರ್ಲಿ ಬಿಡಿ ಸಾರ್. ಆ ಎರಡು ಸಂಘದೋರ ಹಸೂನೂ ಬರೀಬೇಕಲ್ಲ. ಸುಳಿ ಎಲ್ಲಿದ್ರೆ ಒಳ್ಳೇದು ಅಂತ ಈಗ ನಿಮಗೆ ಗೊತ್ತಾಯ್ತಲ್ವಾ?"

ನಾನು ಹಾರ ಸರಿಮಾಡಿಕೊಂಡು, "ಓ ಅದಾ" ಅಂದೆ.