ಡಿಯೋಪನ ಬಾಯೊಳಗಿನ ಕಲ್ಲು

ಡಾಕ್ಟರ್: ನಗಬೇಡ ಡಿಯೋಪ್. ನಿನ್ನ ಬಾಯಲ್ಲಿ ಕಲ್ಲಿದೆ ಅಂದೆ.

ಮತಾರ್: ಇರ್ಲಿ ಬಿಡು. ನಿಮ್ಮ ಮನೆ ಅನ್ನದಲ್ಲಿ ಇದಕ್ಕಿಂತ ಜಾಸ್ತಿ ಇರ್ತವೆ.

(ಕೌಲಾಕ್ ಪೇಟೆಯ ಹಲ್ಲಿನ ದವಾಖಾನೆ. ಕುರ್ಚಿಯಲ್ಲಿ ಒರಗಿರುವವನು ದರ್ಜಿ ಮತಾರ್ ಡಿಯೋಪ್. ಪುಟ್ಟ ಕನ್ನಡಿ ಹಿಡಿದು ನಿಂತವಳು ಡಾಕ್ಟರ್ ಕಿನೆ ಎನ್‌ಡಿಯಾಯ್. ನಮ್ಮ ಸೆನೆಗಲ್‌ನಲ್ಲಿ ಡಿಯೋಪ್, ಎನ್‌ಡಿಯಾಯ್ ಮನೆತನದವರು ಎದುರಾದರೆ ಒಬ್ಬರನ್ನೊಬ್ಬರು ಹೀಯಾಳಿಸಲೇಬೇಕು, ಯಾರೂ ಸಿಟ್ಟಾಗುವಂತಿಲ್ಲ. ಮುತ್ತಜ್ಜರ ಕಾಲದ ಸಲಿಗೆ ಅದು. ಅದರಿಂದ ಎಷ್ಟೋ ಹೊಡೆದಾಟ ತಪ್ಪಿದೆ, ಒಪ್ಪುತ್ತೇನೆ. ಹಲ್ಲು ಉಳಿದದ್ದನ್ನು ಮಾತ್ರ ನಾನು ಕಂಡಿಲ್ಲ.)

ಡಾಕ್ಟರ್: ತಮಾಷೆ ಅಲ್ಲ ಕಣಯ್ಯಾ. ಉಂಡ ಮೇಲೆ ಹಲ್ಲಿಗೆ ಒಂದು ಲೋಳೆ ಅಂಟ್ಕೊಳ್ಳುತ್ತೆ. ಅದ್ರಲ್ಲಿ ಕ್ರಿಮಿಗಳು ಸಂಸಾರ ಹೂಡ್ತವೆ. ನೀನು ಕುಡಿಯೋ ಅತಾಯಾ ಚಹಾದ ಸಕ್ಕರೆ ತಿಂದು ಬೆಳೀತವೆ.

ಮತಾರ್: ಕೇಳಿದ್ರಾ ಎಲ್ರೂ! ಡಿಯೋಪ್ ಬಾಯಲ್ಲಿ ಕ್ರಿಮಿಗೂ ಊಟ ಸಿಗುತ್ತೆ. ಎನ್‌ಡಿಯಾಯ್ ಮನೇಲಿ ನೆಂಟರಿಗೂ ಸಿಗಲ್ಲ.

(ಬೆಂಚಿನ ಮೇಲೆ ಸರದಿಗೆ ಕಾದಿದ್ದ ಕಡಲೆಕಾಯಿ ಮಾರುವ ಹೆಂಗಸು ಊದಿದ ಕೆನ್ನೆ ಹಿಡಿದುಕೊಂಡೇ ನಕ್ಕಳು.)

ಡಾಕ್ಟರ್: ತಿಂದ್ಕೊಂಡು ಸುಮ್ನಿರಲ್ಲ, ಹುಳಿ ಬಿಡ್ತವೆ. ಹಲ್ಲು ಸವೆದು ತೂತಾಗುತ್ತೆ. ಉಜ್ಜದೆ ಬಿಟ್ರೆ ಆ ಲೋಳೆಗೆ ಎಂಜಲಿನ ಸುಣ್ಣ ಸೇರಿ ಕಲ್ಲಾಗುತ್ತೆ.

ಮತಾರ್: ಉಜ್ಜದೆ? ಬೆಳಗಿಂದ ಸಂಜೆವರೆಗೂ ಹಲ್ಲುಜ್ಜೋ ಕಡ್ಡಿ ಬಾಯಲ್ಲೇ ಇರುತ್ತಲ್ಲ!

ಡಾಕ್ಟರ್: ಇದ್ರೆ ಸಾಕಾ? ಸೂಜಿ ಪಕ್ಕದಲ್ಲಿ ಬಟ್ಟೆ ಇಟ್ಟು ಎದ್ದು ಬಂದ್ರೆ ಅಂಗಿ ಆಗುತ್ತಾ?

ಮತಾರ್: ಎನ್‌ಡಿಯಾಯ್ ಹೊಲಿದ್ರೆ ಹಾಗೇ ಆಗೋದು.

ಡಾಕ್ಟರ್: ಆ ಕಲ್ಲು ವಸಡಿನ ಕೆಳಗೆ ಇಳಿದಿದೆ. ವಸಡು ಊದಿದೆ, ಮುಟ್ಟಿದ್ರೆ ರಕ್ತ. ಒಳಗೆ ಹಲ್ಲು ಹಿಡಿದಿರೋ ಮೂಳೆ ಕರಗ್ತಾ ಇದೆ. ಅದಕ್ಕೇ ನೀನು ದಾರ ಕಚ್ಚೋ ಹಲ್ಲು ಅಲ್ಲಾಡ್ತಿರೋದು.

ಮತಾರ್: ಅದನ್ನ ಗಟ್ಟಿ ಮಾಡೋ ಔಷಧಿ ಕೊಡು ಅಂತ ತಾನೇ ಬಂದಿದ್ದು? ಟಬಾಸ್ಕಿ ಹಬ್ಬ ಬಂತು, ಊರಿನ ಬಟ್ಟೆಯೆಲ್ಲ ನನ್ನ ತಲೆ ಮೇಲಿದೆ. ಅದೇ ಹಲ್ಲಲ್ಲಿ ಹಬ್ಬದ ಕುರಿನೂ ತಿನ್ಬೇಕು.

ಡಾಕ್ಟರ್: ಇವತ್ತು ಕಲ್ಲು ಕೆರೆದು ತೆಗೀದಿದ್ರೆ ಆ ಹಲ್ಲು ಉಳಿಯಲ್ಲ. ಪಕ್ಕದ್ದೂ ಹೋಗುತ್ತೆ.

ಮತಾರ್: ಭಲೇ! ನಮ್ಮ ಹಲ್ಲು ಉದುರಿದ್ರೆ ಕುರಿ ಪೂರ್ತಿ ನಿಮಗೇ ಅಂತ ಲೆಕ್ಕ. ಹೊಟ್ಟೆಬಾಕರ ಉಪಾಯ ನನಗೆ ಗೊತ್ತಿಲ್ವಾ?

(ಅವನು ಕುರ್ಚಿಯಿಂದ ಇಳಿದು ಚಪ್ಪಲಿ ಮೆಟ್ಟಿದ. ಹೆಂಗಸು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.)

ಡಾಕ್ಟರ್: ನಿಂತ್ಕೋ! ಡಾಕ್ಟರಾಗಿ ಹೇಳ್ತಿದೀನಿ.

ಮತಾರ್: ಡಾಕ್ಟರಾದ್ರೂ ಎನ್‌ಡಿಯಾಯ್ ತಾನೇ? ಚೆನ್ನಾಗಿ ಬೈದೆ ತಾಯಿ, ಮನಸ್ಸು ಹಗುರಾಯ್ತು. ಹಲ್ಲುನೋವೂ ಅರ್ಧ ಇಳೀತು. ಬರ್ತೀನಿ.

(ಕಿನೆಗೆ ಅಳು ಬರುವಷ್ಟು ಸಂಕಟವಾಯಿತು. ಕಣ್ಣೆದುರೇ ಒಂದು ಒಳ್ಳೆಯ ಹಲ್ಲು ಬಾಗಿಲು ದಾಟುತ್ತಿದೆ. ಅವಳು ಮುಖಗವಸು ಬಿಚ್ಚಿದಳು, ಕೈಗವಸು ಕಳಚಿದಳು, ತಲೆ ತಗ್ಗಿಸಿದಳು.)

ಡಾಕ್ಟರ್: ಮತಾರ್ ಅವರೇ, ನೀವು ಡಿಯೋಪ್‌ಗಳು ದೊಡ್ಡ ಜನ. ಮಾತಲ್ಲಿ ಸತ್ಯ, ಊಟದಲ್ಲಿ ಮಿತಿ. ನಿಮ್ಮ ಮುಂದೆ ಎನ್‌ಡಿಯಾಯ್‌ಗಳು ಯಾವ ಲೆಕ್ಕ?

(ನಗು ನಿಂತಿತು. ಮತಾರ್ ಹೊಸ್ತಿಲ ಮೇಲೇ ಕಲ್ಲಾದ.)

ಹೆಂಗಸು: ಅಯ್ಯೋ, ಪಾಪ! ಎನ್‌ಡಿಯಾಯ್ ಬಾಯಲ್ಲಿ ಡಿಯೋಪ್‌ನ ಹೊಗಳಿಕೆ!

ಮತಾರ್: ಡಾಕ್ಟ್ರಮ್ಮಾ... ಅಷ್ಟೊಂದು ಕೆಟ್ಟಿದೆಯಾ?

ಡಾಕ್ಟರ್: ಹೌದು. ಕೂತ್ಕೊಳ್ಳಿ.

(ಅವನು ಬಂದು ಮಲಗಿದ. ಬಾಯಿ ತಾನಾಗಿಯೇ ತೆರೆಯಿತು. ಡಾಕ್ಟರ್ ಕೈಗವಸು ಹಾಕಿಕೊಂಡು ಬಾಗಿದಳು.)

ಡಾಕ್ಟರ್: ಭೇಷ್. ನಿಮ್ಮಷ್ಟು ಧೈರ್ಯಸ್ಥರನ್ನ...

ಮತಾರ್: ದಮ್ಮಯ್ಯ ತಾಯಿ, ಹೊಗಳಬೇಡ, ಎದೆ ಹೊಡ್ಕೊಳ್ತಿದೆ. ಬೈಕೊಂಡೇ ಕೆರಿ!