ಮಾವ ಸೈಕಲ್ಲಿಗೆ ಸುಳಿ ನೋಡಿದ್ದು

ಎತ್ತು ಕೊಳ್ಳುವಾಗ ಅದರ ಮೈಮೇಲಿನ ಕೂದಲ ಸುಳಿ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವವರನ್ನು ನೀವು ಕಂಡಿರುತ್ತೀರಿ. ಸೈಕಲ್ಲು ಕೊಳ್ಳುವಾಗ ಸುಳಿ ನೋಡಿದವರನ್ನು ಕಂಡಿದ್ದೀರಾ? ಇಲ್ಲ ತಾನೆ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವರ ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿದ್ದೇನೆ. ಅವರು ನನ್ನ ಸೋದರಮಾವ, ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ. ಹೆಸರು ಬೇಡ. ಈಸೂರಿನಿಂದ ಆಚೆಯ ಒಂದು ಹಳ್ಳಿಯವರು ಎಂದರೆ ಸಾಕು. ಇನ್ನೂ ಹೆಚ್ಚು ಹೇಳಿದರೆ ಅವರ ಮನೆಯಲ್ಲಿ ನನಗೆ ಮುಂದೆ ರೊಟ್ಟಿ ಸಿಗುವುದು ಅನುಮಾನ.

ಒಂದು ಕಾಲಕ್ಕೆ ಶಿಕಾರಿಪುರದ ಸುತ್ತಮುತ್ತ ಯಾರೇ ಎತ್ತು ಕೊಳ್ಳಲಿ, ಮಾವ ಬಂದು ನೋಡದೆ ವ್ಯಾಪಾರ ಮುಗಿಯುತ್ತಿರಲಿಲ್ಲ. ಎತ್ತಿನ ಸುತ್ತ ಒಂದು ಸುತ್ತು ಬಂದು, ಬೆನ್ನು ಒತ್ತಿ, ಬಾಯಿ ಬಿಡಿಸಿ ಹಲ್ಲು ನೋಡಿ, "ಹೊಡ್ಕೊಂಡು ಹೋಗು" ಅಥವಾ "ಬ್ಯಾಡ" ಎಂದು ಒಂದೇ ಮಾತು ಹೇಳುತ್ತಿದ್ದರು. ಈ ಚಟ ಎಷ್ಟಿತ್ತೆಂದರೆ, ಅತ್ತೆಯನ್ನು ನೋಡಲು ಹೋದಾಗಲೂ "ನಾಕು ಹೆಜ್ಜೆ ನಡೆದು ತೋರಿಸ್ಲಿ" ಅಂದಿದ್ದರಂತೆ. ಅತ್ತೆ ನಡೆದು ತೋರಿಸಿದರು. ನೇರವಾಗಿ ಅಡುಗೆಮನೆಗೆ ನಡೆದವರು ಮತ್ತೆ ಹೊರಗೆ ಬರಲಿಲ್ಲವಂತೆ! ಅದಾದ ಮೇಲೂ ಮದುವೆ ಹೇಗಾಯಿತು ಎಂಬುದರ ಬಗ್ಗೆ ಇಬ್ಬರೂ ಬಾಯಿ ಬಿಡುವುದಿಲ್ಲ.

ಆಮೇಲೆ ಟ್ರ್ಯಾಕ್ಟರು ಬಂತು. ಮಾವನ ಗದ್ದೆಗೂ ಬಂತು. ಆದರೆ ಮಾವ ತಮ್ಮ ಎತ್ತಿನ ಜೋಡಿಯನ್ನು ಬಿಡಲಿಲ್ಲ. ಜೋಡಿಯಲ್ಲಿ ಒಂದು ಸತ್ತ ಮೇಲೂ ಉಳಿದದ್ದನ್ನು ಹಿಡಿದುಕೊಂಡು ದಿನಾ ಬೆಳಿಗ್ಗೆ ಗದ್ದೆಗೆ ಹೋಗುವುದು, ಸಂಜೆ ಹಿಡಿದುಕೊಂಡು ಬರುವುದು. ಕೆಲಸ ಅದಕ್ಕೂ ಇರಲಿಲ್ಲ, ಇವರಿಗೂ ಇರಲಿಲ್ಲ. ಕಳೆದ ವರ್ಷ ಅದೂ ಮುದಿಯಾಗಿ ಸತ್ತಿತು. ಮಾವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರು. ಕೂತವರು ಏಳಲಿಲ್ಲ.

ಸೊರಬದಲ್ಲಿ ಹೈಸ್ಕೂಲು ಮೇಷ್ಟ್ರಾಗಿರುವ ನನಗೆ ಅತ್ತೆಯ ಫೋನು ಬಂತು. "ನೋಡಪ್ಪಾ, ನಿಮ್ಮ ಮಾವ ಗದ್ದೆ ಕಡೆ ಮುಖ ಹಾಕಿ ಎಂಟು ತಿಂಗ್ಳಾತು. ಸಾರಿಗೆ ಎಷ್ಟು ಉಪ್ಪು ಹಾಕ್ಬೇಕಂತ ಕಟ್ಟೆ ಮೇಲಿಂದ ಕೂಗಿ ಹೇಳ್ತಾರೆ. ಈ ಸಲ ಗದ್ದೇನ ಗುತ್ತಿಗೆಗೆ ಕೊಟ್ಟು ಬಿಡೋಣ ಅಂತಾನೆ ಮಗ. ಅದೊಂದು ಆತಂದ್ರೆ ಇವರು ಇನ್ನು ಏಳಂಗಿಲ್ಲ. ಏನಾದ್ರೂ ಮಾಡಿ ಗದ್ದೆಗೆ ಕಳಿಸೋ. ಇಲ್ಲಾಂದ್ರೆ ನಾನೇ ಗದ್ದೆಗೆ ಹೋಗಿ ಇರ್ತೀನಿ."

ನಾನು ಹೋಗಿ, "ಮಾವ, ಒಂದು ಮೊಪೆಡ್ ತಗೊಳ್ಳಿ, ಐದು ನಿಮಿಷಕ್ಕೆ ಗದ್ದೇಲಿರ್ತೀರಿ" ಎಂದೆ. "ಐದು ನಿಮಿಷಕ್ಕೆ ಹೋಗಿ ಏನ್ ಮಾಡ್ಲಿ?" ಎಂದರು. ನಾನು ಫೋನು ತೆಗೆದು ವಿಡಿಯೊ ನೋಡುತ್ತ ಕೂತೆ. ಯಾರೋ ಪುಣ್ಯಾತ್ಮ ಸೈಕಲ್ಲಿನಲ್ಲಿ ಬೆಟ್ಟದ ಕಲ್ಲುಬಂಡೆಗಳ ಮೇಲೆ ಧಡಧಡ ಇಳಿಯುತ್ತಿದ್ದ. ಪಕ್ಕದಿಂದ ಇಣುಕಿದ ಮಾವನ ಕಣ್ಣು ಅಲ್ಲೇ ನೆಟ್ಟಿತು. "ಈ ಬೆಟ್ಟದ ಸೈಕಲ್ಲು ನಮ್ಮ ಕೆರೆ ಏರಿ ಹತ್ತತೈತಾ?" ಎಂದು ಕೇಳಿದರು. ಎಂಟು ತಿಂಗಳಲ್ಲಿ ಅವರು ಗದ್ದೆಯ ದಾರಿಯಲ್ಲಿರುವ ಆ ಏರಿಯ ಮಾತೆತ್ತಿದ್ದು ಅದೇ ಮೊದಲು. ಒಳಗಿನಿಂದ ಅತ್ತೆ ಒಗ್ಗರಣೆಯ ಸೌಟನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದರು.

ಶಿಕಾರಿಪುರದಲ್ಲಿ ಸೈಕಲ್ ಅಂಗಡಿ ಇಲ್ಲವೇ? ಇದೆ. ಮಾವ ಅದರ ಮುಂದೆ ಮೂರು ಸಲ ಹಾದುಹೋದರು, ಮೂರು ಸಲವೂ ಪಕ್ಕದ ಗೊಬ್ಬರದ ಅಂಗಡಿಯನ್ನು ನೋಡುವವರಂತೆ ನಟಿಸಿದರು. ಎತ್ತು ನೋಡುವ ಯಜಮಾನರು ಸೈಕಲ್ಲು ನೋಡುವುದನ್ನು ಗುರುತಿನವರು ಕಂಡರೆ ಮರ್ಯಾದೆ ಏನಾಗಬೇಕು! ಹಾಗಾಗಿ ಸೊರಬಕ್ಕೆ ಬಂದೆವು.

ಅಂಗಡಿ ನಡೆಸುತ್ತಿದ್ದವರು ಒಬ್ಬ ಹೆಂಗಸು, ನಲವತ್ತರ ಒಳಗಿನವರು, ತಾಳ್ಮೆಯಲ್ಲಿ ಭೂಮಿತಾಯಿ. ಮೂರು ಬಗೆಯ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ವಿವರಿಸಿದರು. ಒಂದಕ್ಕೆ ಮುಂದಿನ ಚಕ್ರಕ್ಕೆ ಮಾತ್ರ ಸ್ಪ್ರಿಂಗು. ಒಂದಕ್ಕೆ ಹಿಂದೆ ಮುಂದೆ ಎರಡಕ್ಕೂ. ಇನ್ನೊಂದಕ್ಕೆ ಆನೆಯ ಕಾಲಿನಂಥ ದಪ್ಪ ಟೈರು. ಮಾವ ಟವೆಲನ್ನು ಹೆಗಲಿಂದ ತೆಗೆದು ಕೊಡವಿ ಮತ್ತೆ ಹಾಕಿಕೊಂಡು, ಪ್ರತಿಯೊಂದರ ಸುತ್ತ ಒಂದು ಸುತ್ತು ಬಂದರು. ಹ್ಯಾಂಡಲ್ಲಿನ ನಡುವೆ, ಸೀಟಿನ ಕೆಳಗೆ, ಕೊನೆಗೆ ಕೂತು ಹೊಟ್ಟೆಯ ಅಡಿಯಲ್ಲೂ ನೋಡಿದರು.

"ಏನ್ ಹುಡುಕ್ತಿದ್ದಾರೆ ಸರ್?" ಎಂದು ಆಕೆ ನನ್ನನ್ನು ಪಿಸುಮಾತಿನಲ್ಲಿ ಕೇಳಿದರು. ಸುಳಿ ಎಂದು ಹೇಗೆ ಹೇಳುವುದು? "ಗೀರು ಇದೆಯಾ ಅಂತ" ಎಂದೆ.

ದಪ್ಪ ಟೈರಿನದು ಮಾವನಿಗೆ ನೋಡಿದ ಕೂಡಲೇ ಅನುಮಾನ ಹುಟ್ಟಿಸಿತು. ಸಂತೆಗೆ ತರುವ ಮುಂಚೆ ಎತ್ತಿಗೆ ಉಪ್ಪು ತಿನ್ನಿಸಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ, ದಷ್ಟಪುಷ್ಟವಾಗಿದೆ ಎಂದು ನಂಬಿಸುವವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ. ನಾನು ಆಚೆ ತಿರುಗಿ ಈಚೆ ತಿರುಗುವುದರೊಳಗೆ ಬುಸ್ ಎಂದು ಸದ್ದಾಯಿತು. ಟೈರು ನೆಲ ಕಚ್ಚಿತ್ತು. ಮಾವ ಕೈ ಒರೆಸಿಕೊಳ್ಳುತ್ತ ಎದ್ದು ನಿಂತು, "ನೋಡಿದ್ಯಾ? ಬರೇ ಗಾಳಿ" ಎಂದರು. ಆ ಹೆಂಗಸು ಪಂಪು ತರಲು ಒಳಗೆ ಹೋದರು.

ಎರಡೂ ಕಡೆ ಸ್ಪ್ರಿಂಗಿನದನ್ನು ನಾನೇ ಶಿಫಾರಸು ಮಾಡಿದೆ. ಮಾವ ಅದರ ಸೀಟಿನ ಮೇಲೆ ಅಂಗೈಯಿಟ್ಟು ಒತ್ತಿದರು. ಅದು ಮೆತ್ತಗೆ ಕೆಳಗಿಳಿಯಿತು.

"ಇದರ ಬೆನ್ನು ಕುಸೀತೈತಲ್ಲಮ್ಮ."

"ಕುಸೀಲಿ ಅಂತಾನೇ ಮಾಡಿರೋದು ಯಜಮಾನ್ರೇ. ಅದಕ್ಕೇ ಇದಕ್ಕೆ ರೇಟು ಜಾಸ್ತಿ."

ಮಾವ ನನ್ನ ಮುಖ ನೋಡಿದರು. ಬೆನ್ನು ಕುಸಿದದ್ದಕ್ಕೆ ಹೆಚ್ಚು ಬೆಲೆ ಕೇಳುವ ಈ ಹೊಸ ಕಾಲದ ಬಗ್ಗೆ ಅವರಿಗಿದ್ದ ಅಭಿಪ್ರಾಯವೆಲ್ಲ ಆ ನೋಟದಲ್ಲಿತ್ತು.

ಉಳಿದದ್ದು ಮುಂದೆ ಮಾತ್ರ ಸ್ಪ್ರಿಂಗಿರುವುದು. ಒತ್ತಿದರೆ ಬೆನ್ನು ಗಟ್ಟಿ. ಹಿಂದಿನ ಚಕ್ರದ ಹಲ್ಲುಗಳನ್ನು ಎಣಿಸಲು ಹೊರಟವರು, ಇಷ್ಟು ಹಲ್ಲು ಯಾವ ಬಾಯಲ್ಲೂ ಇರುವುದಿಲ್ಲವೆಂದು ನಡುವೆ ಕೈಬಿಟ್ಟರು. ಹ್ಯಾಂಡಲ್ಲು ಹಿಡಿದು ಬಸ್‌ಸ್ಟ್ಯಾಂಡಿನ ತನಕ ನಡೆಸಿಕೊಂಡು ಹೋದರು, ನಡೆಸಿಕೊಂಡು ಬಂದರು. ಮತ್ತೊಮ್ಮೆ ಹೋದರು. ಬರುವಾಗ ಕಣ್ಣು ಅರೆಮುಚ್ಚಿತ್ತು. "ಎಳೆಯಂಗಿಲ್ಲ, ಹಿಂದೆ ಬೀಳಂಗಿಲ್ಲ. ಹೆಜ್ಜೆಗೆ ಹೆಜ್ಜೆ ಕೊಡ್ತೈತಿ" ಎಂದರು.

"ಒಂದು ಸಲ ಹತ್ತಿ ನೋಡ್ರಿ ಯಜಮಾನ್ರೇ" ಎಂದರು ಆಕೆ.

"ಮೊದಲ ದಿನಾನೇ ಬೆನ್ನ ಮೇಲೆ ಹತ್ತಬಾರ್ದಮ್ಮ, ಬೆದರ್ತೈತಿ."

ಇನ್ನು ಚೌಕಾಸಿ. ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಅಡಿಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಬೆರಳು ಒತ್ತುತ್ತಾರೆ. ಮಾವ ಅಭ್ಯಾಸಬಲದಿಂದ ಕೈ ಮೇಲೆ ಟವೆಲು ಹಾಸಿ ಮುಂದೆ ಚಾಚಿದರು. ಎದುರಿಗೆ ಹೆಂಗಸು ನಿಂತಿದ್ದಾರೆಂದು ಅರಿವಾಗಿ, ಕೆಂಡ ಮುಟ್ಟಿದವರಂತೆ ಹಿಂದೆ ಎಳೆದುಕೊಂಡರು. "ಅವರ ಪರವಾಗಿ ನೀನು ಕೈ ಕೊಡು" ಎಂದು ನನಗೆ ಆಜ್ಞೆಯಾಯಿತು. ದರ ಬರೆದ ಚೀಟಿ ಹ್ಯಾಂಡಲ್ಲಿಗೇ ನೇತಾಡುತ್ತಿತ್ತು. ಬೀದಿಯಲ್ಲಿ ಹೋಗುವವರಿಗೂ ಕಾಣುತ್ತಿದ್ದ ಆ ಗುಟ್ಟನ್ನು ನಾವಿಬ್ಬರೂ ಟವೆಲಿನ ಅಡಿಯಲ್ಲಿ ಬಚ್ಚಿಟ್ಟುಕೊಂಡು ಐದು ನಿಮಿಷ ನಿಂತೆವು. ನಾನು ಯಾವ ಬೆರಳು ಒತ್ತಿದೆನೋ ಏನೋ, ಮಾವ ಗಾಬರಿಯಾಗಿ, "ಬೆನ್ನು ಕುಸಿಯೋ ಸೈಕಲ್ಲಿಗಿಂತ ಹೆಚ್ಚು ಕೇಳ್ತೀಯಲ್ಲೋ" ಎಂದರು. ಕೊನೆಗೆ ಆಕೆಯೇ ನಗು ತಡೆಯಲಾರದೆ, ಒಂದಿಷ್ಟು ಇಳಿಸಿ, ಮೇಲೊಂದು ಗಂಟೆಯನ್ನೂ ಕೊಟ್ಟು ನಮ್ಮನ್ನು ಸಾಗಹಾಕಿದರು.

ಮಾರನೆಯ ದಿನ ಅತ್ತೆಯ ಫೋನು. "ಹೋದ್ರು ಕಣೋ. ಬೆಳಿಗ್ಗೆ ಎದ್ದು ಗದ್ದೆಗೆ ಹೋದ್ರು." ಮೂರನೆಯ ದಿನವೂ ಹೋದರು, ನಾಲ್ಕನೆಯ ದಿನವೂ ಹೋದರು. ಗುತ್ತಿಗೆಯ ಮಾತು ನಿಂತಿತು. ನಾನು ಶಾಲೆಯಲ್ಲಿ ಎಲ್ಲರಿಗೂ ನನ್ನ ಬುದ್ಧಿವಂತಿಕೆಯನ್ನು ಕೊಚ್ಚಿಕೊಂಡೆ.

ಹತ್ತನೆಯ ದಿನ ಮತ್ತೊಂದು ಫೋನು. "ಅಲ್ಲಪ್ಪಾ, ಅವರು ಅದರ ಮೇಲೆ ಕೂತಿದ್ದನ್ನ ಊರಲ್ಲಿ ಒಬ್ರೂ ನೋಡಿಲ್ವಂತೆ."

ಇಪ್ಪತ್ತೊಂದು ಗೇರಿನ ಸೈಕಲ್ಲು! ಭಾನುವಾರ ಬೆಳಿಗ್ಗೆಯೇ ಹೋಗಿ, ಗದ್ದೆಗೆ ಹೊರಟಿದ್ದ ಮಾವನ ಹಿಂದೆ ಬಿದ್ದೆ. ಸೈಕಲ್ಲು ಬಲಕ್ಕೆ, ಮಾವ ಎಡಕ್ಕೆ, ಸೀಟಿನ ಮೇಲೆ ಅವರ ಕೈ. ಕೆರೆಯ ಏರಿಯ ಬುಡದಲ್ಲಿ ಅವರನ್ನು ಸೇರಿಕೊಂಡು ನೇರವಾಗಿಯೇ ಕೇಳಿದೆ.

"ಮಾವ, ನಿಮಗೆ ಸೈಕಲ್ ಹೊಡೆಯೋಕೆ ಬರುತ್ತೋ ಇಲ್ವೋ?"

"ಇಲ್ಲ."

"ಮತ್ತೆ ಮೂರು ಥರದ್ದು ನೋಡಿ, ಆರಿಸಿ, ಟವೆಲು ಹಾಕಿ..."

ಮಾವ ನಡೆಯುವುದನ್ನು ನಿಲ್ಲಿಸಲಿಲ್ಲ. "ನಲವತ್ತು ವರ್ಷ ಈ ದಾರೀಲಿ ಒಬ್ನೇ ನಡೆದಿಲ್ಲ ಕಣಪ್ಪ. ಅದು ಸತ್ತ ಮೇಲೆ ಒಂದಿನ ಹೊಂಟಿದ್ದೆ. ಇಲ್ಲೀ ಮಟ ಬಂದೆ. ಈ ಕೈ ಎಲ್ಲಿ ಇಟ್ಕಬೇಕು ಅಂತ ಗೊತ್ತಾಗ್ಲಿಲ್ಲ. ವಾಪಸ್ ಬಂದು ಕೂತೆ."

ದಾರಿಯುದ್ದಕ್ಕೂ ನಾನು ಜೋಡಿಸಿಕೊಂಡು ಬಂದಿದ್ದ ತಮಾಷೆಗಳೆಲ್ಲ ಮರೆತುಹೋದವು. ಅಳು ಬಂತು. ಮೇಷ್ಟ್ರಾದವನು ಬೆಳಗಿನ ಹೊತ್ತು ಕೆರೆ ಏರಿಯ ಮೇಲೆ ಅಳುವುದನ್ನು ಯಾರಾದರೂ ಕಂಡಾರೆಂದು ಆಚೆ ನೋಡುತ್ತ ನಡೆದೆ. ಏರು ಕಡಿದಾಗುತ್ತ ಬಂತು. ಮಾವನ ಮೊಣಕಾಲು ನೋಯುತ್ತಿರುವುದು ಅವರ ನಡಿಗೆಯಲ್ಲೇ ಕಾಣುತ್ತಿತ್ತು. ಅರ್ಧ ಏರಿದ ಮೇಲೆ ಅವರು ನಿಂತು, ಸೀಟನ್ನು ಎರಡು ಸಲ ಮೆಲ್ಲಗೆ ತಟ್ಟಿದರು.

"ತಡಿ, ಇದಕ್ಕೆ ಸುಸ್ತಾಗೈತಿ" ಎಂದರು.

ಅದು ಸುಧಾರಿಸಿಕೊಳ್ಳುವ ತನಕ ನಾವು ಮೂವರೂ ಅಲ್ಲೇ ನಿಂತೆವು.